ಹಳೆಯ ಆಟಿಕೆ ಮತ್ತೆ ಕೊಳ್ಳುವವರಿಗೆ

ಓದುಗರೊಬ್ಬರ ಪತ್ರ: ನನಗೀಗ ನಲವತ್ತೈದು ದಾಟಿದೆ. ಚಿಕ್ಕಂದಿನಲ್ಲಿ ಆಡಿದ ಆಟಿಕೆಗಳನ್ನು ಮತ್ತೆ ಕೊಳ್ಳಬೇಕು ಅಂತ ಒಂದೇ ಸಮನೆ ಅನ್ನಿಸುತ್ತಿದೆ. ರೂಬಿಕ್ಸ್ ಕ್ಯೂಬ್, ಸ್ಲಿಂಕಿ, ವ್ಯೂ-ಮಾಸ್ಟರ್, ಗೇಮ್ ಬಾಯ್, ತಮಗೋಚಿ, ಲೆಗೋ ಎಲ್ಲ ಪಟ್ಟಿಯಲ್ಲಿವೆ. ನಮ್ಮ ಮನೆಯವರು ನಗುತ್ತಾರೆ. ಎಂಟು ವರ್ಷದ ಮಗಳಿಗೂ ಆಗುತ್ತೆ ಅನ್ನುವುದು ನನ್ನ ವಾದ. ಯಾವುದನ್ನು ಕೊಂಡರೆ ಸಾರ್ಥಕ? ಆ ಕಾಲದ್ದನ್ನೇ ಹುಡುಕಬೇಕಾ, ಈಗ ಬರುವ ಹೊಸದು ಸಾಕಾ? ಡಬ್ಬಿ ಸಮೇತ ಸಿಕ್ಕರೆ ಜಾಸ್ತಿ ದುಡ್ಡು ಕೊಡಬಹುದಾ?

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯವರ ನಗುವಿನ ವಿಷಯ ಮುಗಿಸಿಬಿಡೋಣ. ದೊಡ್ಡವರು ತಮಗೇ ಅಂತ ಆಟಿಕೆ ಕೊಳ್ಳುವುದು ಈಗ ವಿಚಿತ್ರವೇನಲ್ಲ. ಲೆಗೋ ಕಂಪನಿಯೇ ಕೆಲವು ಡಬ್ಬಿಗಳ ಮೇಲೆ ‘18+’ ಅಂತ ಅಚ್ಚು ಹಾಕಿ ಮಾರುತ್ತದೆ. ಹಾಗಾಗಿ ಮಗಳನ್ನು ನೆಪ ಮಾಡಿಕೊಳ್ಳಬೇಡಿ. ನಿಮಗೆ ಬೇಕು, ನಿಮಗೋಸ್ಕರ ಕೊಳ್ಳಿ. ಅಷ್ಟೇ.

ಆದರೆ ಪಟ್ಟಿಯಲ್ಲಿರುವುದನ್ನೆಲ್ಲ ಕೊಳ್ಳಬೇಡಿ. ಒಂದೊಂದರ ಮುಂದೆಯೂ ನಿಂತು ಕೇಳಿಕೊಳ್ಳಿ: ಇದರ ಮಜಾ ಆಟಿಕೆಯಲ್ಲೇ ಇತ್ತಾ, ಆ ಕಾಲದಲ್ಲಿ ಇತ್ತಾ? ಕೆಲವು ಆಟಿಕೆಗಳ ಆಕರ್ಷಣೆ ಎಲ್ಲ ಇದ್ದದ್ದು ಅದು ಪಕ್ಕದ ಮನೆಯ ಹುಡುಗನ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ ಅನ್ನುವುದರಲ್ಲಿ. ಅಂಥದ್ದನ್ನು ಇವತ್ತು ತಂದರೆ ಎರಡನೇ ದಿನವೇ ಅಟ್ಟ ಸೇರುತ್ತದೆ. ಕೈಗೆ ಕೆಲಸ ಕೊಡುವ ಆಟಿಕೆಗಳ ಕತೆ ಬೇರೆ. ಅವುಗಳಿಗೆ ನೆನಪಿನ ಆಸರೆ ಬೇಕಿಲ್ಲ.

ಈ ಲೆಕ್ಕದಲ್ಲಿ ನಿಮ್ಮ ಪಟ್ಟಿಯ ಮೊದಲ ಹೆಸರಿಗೇ ಮೊದಲ ಸ್ಥಾನ. ರೂಬಿಕ್ಸ್ ಕ್ಯೂಬ್ ಹುಟ್ಟಿದ್ದು 1974ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಎರ್ನೋ ರೂಬಿಕ್ ಅಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಮೇಷ್ಟ್ರು. ತಾವೇ ಮಾಡಿದ ಆ ಪೆಟ್ಟಿಗೆಯನ್ನು ಒಮ್ಮೆ ಕಲಸಿಬಿಟ್ಟ ಮೇಲೆ ಮತ್ತೆ ಸರಿಮಾಡಲು ಅವರಿಗೇ ಸುಮಾರು ಒಂದು ತಿಂಗಳು ಹಿಡಿಯಿತಂತೆ. 1980ರಲ್ಲಿ ಅದು ಜಗತ್ತಿನ ಮಾರುಕಟ್ಟೆಗೆ ಬಂತು. ಬಣ್ಣಗಳು ಕಲೆಯುವ ರೀತಿಗಳ ಲೆಕ್ಕ ಹಾಕಿದರೆ 43ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟಾಗುತ್ತದೆ. ಆದರೂ ಎಷ್ಟೇ ಕಲಸಿದ್ದರೂ ಹೆಚ್ಚೆಂದರೆ 20 ತಿರುವಿನಲ್ಲಿ ಬಿಡಿಸಬಹುದು ಅಂತ 2010ರಲ್ಲಿ ಕಂಪ್ಯೂಟರ್‌ಗಳ ನೆರವಿನಿಂದ ಸಾಬೀತಾಯಿತು. ನಮಗೆ ನಿಮಗೆ ಇಪ್ಪತ್ತರಲ್ಲಿ ಆಗಲ್ಲ ಬಿಡಿ, ನೂರು ಚಿಲ್ಲರೆ ಬೇಕು.

ಚಿಕ್ಕಂದಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಒಂದು ಮುಖ ಸರಿಮಾಡಿ ಅಲ್ಲಿಗೇ ಸುಸ್ತಾಗುತ್ತಿದ್ದೆವು. ಸ್ಟಿಕ್ಕರ್ ಕಿತ್ತು ಅಂಟಿಸಿ ‘ಬಿಡಿಸಿದೆ’ ಅಂದವರೂ ಇದ್ದಾರೆ, ಹೆಸರು ಬೇಡ. ಈಗ ಕೈಗೆತ್ತಿಕೊಂಡಾಗ ಒಂದು ವಿಷಯ ಗಮನಿಸಿ. ಪ್ರತಿ ಮುಖದ ನಡುವಿನ ಚೌಕ ಇದ್ದಲ್ಲೇ ಸುತ್ತುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಅಂದರೆ ನಡುವೆ ಬಿಳಿ ಇದ್ದರೆ ಆ ಮುಖ ಬಿಳಿಯೇ ಆಗಬೇಕು. ಓಡಾಡುವುದು ಹನ್ನೆರಡು ಅಂಚಿನ ತುಂಡುಗಳು, ಎಂಟು ಮೂಲೆಯ ತುಂಡುಗಳು ಮಾತ್ರ. ಮುಖ ಮುಖವಾಗಿ ಬಿಡಿಸುವುದನ್ನು ಬಿಟ್ಟು ಕೆಳಗಿನಿಂದ ಪದರ ಪದರವಾಗಿ ಬಿಡಿಸಿದರೆ ದಾರಿ ಸಿಗುತ್ತದೆ. ಇದಕ್ಕೆ ಹಳೆಯದನ್ನು ಹುಡುಕಲೇಬೇಡಿ. ಹಳೆಯವು ಬಿಗಿ, ತಿರುಗಿಸಿ ತಿರುಗಿಸಿ ಬೆರಳು ನೋಯುತ್ತದೆ. ಈಗಿನವು ಬೆರಳ ತುದಿಯಲ್ಲಿ ತಿರುಗುತ್ತವೆ. ಒಳಗೆ ಸಣ್ಣ ಅಯಸ್ಕಾಂತ ಇರುವವೂ ಬಂದಿವೆ, ಸರಿಯಾದ ಜಾಗಕ್ಕೆ ಬಂದಾಗ ಟಕ್ ಅಂತ ಕೂರುತ್ತವೆ.

ಸ್ಪ್ರಿಂಗಿನ ಆಟಿಕೆ ಸ್ಲಿಂಕಿ ಬಗ್ಗೆ ಸ್ವಲ್ಪ ಯೋಚಿಸಿ. ರಿಚರ್ಡ್ ಜೇಮ್ಸ್ ಅನ್ನುವ ಅಮೆರಿಕದ ಎಂಜಿನಿಯರ್ 1943ರಲ್ಲಿ ಹಡಗಿನ ಸಾಧನಗಳಿಗೆಂದು ಸ್ಪ್ರಿಂಗುಗಳ ಕೆಲಸದಲ್ಲಿದ್ದಾಗ ಒಂದು ಸ್ಪ್ರಿಂಗ್ ಕೆಳಗೆ ಬಿದ್ದು, ನಡೆಯುವ ಹಾಗೆ ಮಗುಚಿಕೊಂಡು ಹೋಯಿತು. ಆಟಿಕೆ ಹುಟ್ಟಿದ್ದು ಹಾಗೆ. ಮನೆಯಲ್ಲಿ ಮೆಟ್ಟಿಲು ಇದ್ದರೆ ಮಾತ್ರ ಅದರ ನಡಿಗೆ ನೋಡಲು ಸಿಗುತ್ತದೆ. ಮೆಟ್ಟಿಲಿಲ್ಲದವರಿಗೂ ಒಂದು ಆಟ ಇದೆ. ಲೋಹದ ಸ್ಲಿಂಕಿಯ ಮೇಲಿನ ತುದಿ ಹಿಡಿದು ಕೆಳಕ್ಕೆ ಇಳಿಬಿಡಿ, ಅಲುಗಾಟ ನಿಲ್ಲಲಿ. ಆಮೇಲೆ ಕೈ ಬಿಡಿ. ಮೇಲಿನ ಸುರುಳಿಗಳು ಕುಸಿದು ಬಂದು ಸೇರುವವರೆಗೂ ಕೆಳತುದಿ ಗಾಳಿಯಲ್ಲಿ ಇದ್ದಲ್ಲೇ ಇರುತ್ತದೆ! ಮೇಲೆ ಕೈಬಿಟ್ಟ ‘ಸುದ್ದಿ’ ಸುರುಳಿಯಿಂದ ಸುರುಳಿಗೆ ಇಳಿದು ಅಲ್ಲಿಗೆ ಮುಟ್ಟಬೇಕಲ್ಲ, ಅದಕ್ಕೆ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ನೋಡಿ, ನಿಮ್ಮ ಮನೆಯವರು ನಗು ನಿಲ್ಲಿಸುತ್ತಾರೆ. ಲೋಹದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್‌ನದ್ದರಲ್ಲಿ ಆ ತೂಕವೂ ಇಲ್ಲ, ಆ ಸದ್ದೂ ಇಲ್ಲ. ಒಮ್ಮೆ ಗಂಟುಬಿದ್ದು ಬಾಗಿದರೆ ಮಾತ್ರ ಮೊದಲಿನಂತಾಗುವುದು ಕಷ್ಟ.

ನೀವು ಬರೆಯದ ಒಂದನ್ನು ನಾನು ಸೇರಿಸುತ್ತೇನೆ: ಚಿತ್ರ ಬರೆಯುವ ಆಟಿಕೆ ಎಚ್ ಎ ಸ್ಕೆಚ್. ಕೆಂಪು ಚೌಕಟ್ಟು, ಬೂದು ಪರದೆ, ಕೆಳಗೆ ತಿರುಗಿಸಲು ಎರಡು ಬಿಳಿ ಗುಂಡಿ. ಫ್ರಾನ್ಸಿನ ಎಲೆಕ್ಟ್ರಿಷಿಯನ್ ಆಂದ್ರೆ ಕಸಾಞ್ ಕಂಡುಹಿಡಿದದ್ದು, 1960ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು. ಒಳಗೆ ಅಲ್ಯೂಮಿನಿಯಂ ಪುಡಿ ಇದೆ. ಅಲ್ಲಾಡಿಸಿದಾಗ ಅದು ಪರದೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಗುಂಡಿ ತಿರುಗಿಸಿದಾಗ ಒಳಗಿನ ಮೊನೆ ಆ ಪುಡಿಯನ್ನು ಕೆರೆಯುತ್ತಾ ಹೋಗುತ್ತದೆ. ನಮಗೆ ಕಾಣುವ ಕಪ್ಪು ಗೆರೆ ಅಂದರೆ ಒಳಗಿನ ಕತ್ತಲೆ, ಅಷ್ಟೇ. ಒಂದು ಗುಂಡಿ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಮೆಟ್ಟಿಲು ಬರೆಯುವುದು ಸುಲಭ. ಒಂದು ದುಂಡನೆಯ ಸೊನ್ನೆ ಬರೆಯಿರಿ ನೋಡೋಣ! ಎರಡು ಕೈಯೂ ಒಟ್ಟಿಗೆ, ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಬ್ಯಾಟರಿ ಬೇಡ, ಸದ್ದಿಲ್ಲ, ಬರೆದದ್ದು ಉಳಿಯುವುದೂ ಇಲ್ಲ. ನಿಮ್ಮ ಪಟ್ಟಿಗೆ ಇದನ್ನೂ ಸೇರಿಸಿ ಒಂದೇ ಒಂದು ಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಕಣ್ಣಿಗೆ ಹಿಡಿದು ಚಿತ್ರ ನೋಡುವ ವ್ಯೂ-ಮಾಸ್ಟರ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಹಳೆಯದೇ ಮೇಲು. 1939ರಿಂದ ಬಂದ ಆ ರೀಲುಗಳಲ್ಲಿ 14 ಪುಟ್ಟ ಚಿತ್ರ, ಎರಡು ಕಣ್ಣಿಗೆ ಒಂದೊಂದರಂತೆ ಏಳು ಜೋಡಿ. ರೀಲಿನ ಅಳತೆ ಬದಲಾಗದ ಕಾರಣ ಹಳೆಯ ರೀಲು ಆಮೇಲಿನ ಯಂತ್ರದಲ್ಲೂ ಕೂರುತ್ತದೆ. ಕೊಳ್ಳುವ ಮುಂಚೆ ರೀಲನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣವೆಲ್ಲ ಕೆಂಪಿಗೆ ತಿರುಗಿದ್ದರೆ ಬೇಡ.

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ ಗೇಮ್ ಬಾಯ್ ಬಂದದ್ದು 1989ರಲ್ಲಿ. ಇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪರದೆಗಿಂತ ಮೊದಲು ಬೆನ್ನು ನೋಡಿ. ನಾಲ್ಕು ಸೆಲ್ ಹಾಕುವ ಮುಚ್ಚಳ ತೆಗೆಸಿ, ಒಳಗಿನ ಫೋಟೋ ಕೇಳಿ. ವರ್ಷಗಟ್ಟಲೆ ಹಾಗೇ ಬಿಟ್ಟ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಸ್ವಲ್ಪ ಇದ್ದರೆ ವಿನೆಗರ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಬಹುದು. ತುಕ್ಕು ಒಳಗಿನ ಬೋರ್ಡಿಗೆ ಇಳಿದಿದ್ದರೆ ಅದು ಆಟಿಕೆಯಲ್ಲ, ರಿಪೇರಿ ಕೆಲಸ. ಇನ್ನೊಂದು ಮಾತು: ಆಟ ಎಲ್ಲಿಗೆ ನಿಂತಿತ್ತು ಅಂತ ನೆನಪಿಡುವ, ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಪುಟ್ಟ ಬಟನ್ ಸೆಲ್ ಇರುತ್ತದೆ. ಇಷ್ಟು ವರ್ಷಕ್ಕೆ ಅದು ಸತ್ತಿರುವ ಸಾಧ್ಯತೆಯೇ ಜಾಸ್ತಿ. ಆಟ ನಡೆಯುತ್ತದೆ, ಆದರೆ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ.

ತಮಗೋಚಿ ಬಿಡಿ. 1996ರಲ್ಲಿ ಜಪಾನಿನಿಂದ ಬಂದಾಗ ಮೊಟ್ಟೆಯಾಕಾರದ ಯಂತ್ರದ ಪುಟ್ಟ ಪರದೆಯಲ್ಲಿದ್ದ ಆ ಸಾಕುಪ್ರಾಣಿ ಪಿಂ ಪಿಂ ಅಂತ ಕರೆಯುವುದೇ ಹೊಸತು. ಊಟ ಕೊಡದಿದ್ದರೆ ಸಾಯುತ್ತಿತ್ತು, ಮಕ್ಕಳು ಅಳುತ್ತಿದ್ದರು. ಈಗ ದಿನವಿಡೀ ನಮ್ಮನ್ನು ಕರೆಯಲು ಫೋನ್ ಒಂದು ಸಾಲದಾ?

ಲೆಗೋ ಬಗ್ಗೆ ಎರಡು ಮಾತು. 1958ರಲ್ಲಿ ಪೇಟೆಂಟ್ ಆದ ಪ್ಲಾಸ್ಟಿಕ್ ಜೋಡಣೆ ಇಟ್ಟಿಗೆಗೂ ಇವತ್ತಿನ ಇಟ್ಟಿಗೆಗೂ ಜೋಡಿ ಕೂರುತ್ತದೆ. ಹಾಗಾಗಿ ಹಳೆಯ ರಾಶಿ ಸಿಕ್ಕಿದರೆ ಹೊಸದರ ಜೊತೆ ಬೆರೆಸಬಹುದು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಮಗು ಇರುವ ಮನೆಗೆ ನಾನು ಹಾಗೆ ಹೇಳಲಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟಿದ್ದರು. ಹಳೆಯ ಆಟಿಕೆಗಳಲ್ಲಿ, ಅದರಲ್ಲೂ ಕೆಂಪು, ಹಳದಿ, ಕಪ್ಪು ಬಣ್ಣದವುಗಳಲ್ಲಿ ಕ್ಯಾಡ್ಮಿಯಂ, ಸೀಸದಂಥ ವಿಷಕಾರಿ ಲೋಹಗಳು ಸಿಕ್ಕಿದ್ದವು. ಆಟಿಕೆಗಳಿಗೆ ಬಳಿಯುತ್ತಿದ್ದ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದೇ 1978ರಲ್ಲಿ. ಮುಟ್ಟಿದರೆ ಜಿಗುಟಾಗಿರುವ ಹಳೆಯ ಮೆದು ಪ್ಲಾಸ್ಟಿಕ್ ಗೊಂಬೆಯನ್ನೂ ಕೊಳ್ಳಬೇಡಿ. ಪ್ಲಾಸ್ಟಿಕ್ ಮೆದುವಾಗಲು ಬೆರೆಸಿದ ರಾಸಾಯನಿಕ ಹೊರಗೆ ಜಿನುಗುತ್ತಿದೆ ಅಂತ ಅರ್ಥ. ಅಂದಹಾಗೆ ಬಟನ್ ಸೆಲ್ ಹಾಕುವ ಯಾವ ಆಟಿಕೆಯೇ ಇರಲಿ, ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಗುಂಡಗಿನ ಪುಟ್ಟ ಅಯಸ್ಕಾಂತಗಳೂ ಅಷ್ಟೇ ಅಪಾಯ.

ಒಟ್ಟಿನಲ್ಲಿ ಮಗಳ ಕೈಗೆ ಹೊಸದು, ನಿಮ್ಮ ಕೈಗೆ ಬೇಕಾದರೆ ಹಳೆಯದು. ಅವಳಿಗೆ ‘ನಮ್ಮ ಕಾಲದಲ್ಲಿ’ ಅಂತ ಶುರುಮಾಡಿ ಕೊಡಬೇಡಿ. ಅಲ್ಲಿಗೆ ಅದು ಹೋಮ್‌ವರ್ಕ್ ಆಗಿಬಿಡುತ್ತದೆ. ಸುಮ್ನೆ ಮೇಜಿನ ಮೇಲೆ ಇಟ್ಟು ನೀವು ಆಡುತ್ತಾ ಕೂತಿರಿ. ಬಂದರೆ ಬಂದಳು. ಬರದಿದ್ದರೆ ಆಟಿಕೆ ಪೂರ್ತಿ ನಿಮ್ಮದೇ, ನಷ್ಟವೇನು?

ಇನ್ನು ಡಬ್ಬಿಯ ಪ್ರಶ್ನೆ. ಡಬ್ಬಿಗೆ ಬೆಲೆ ಇರುವುದು ಸಂಗ್ರಹ ಮಾಡುವವರಿಗೆ. ಸೀಲ್ ಒಡೆಯದ ಡಬ್ಬಿಗೆ ಅವರು ಎಷ್ಟಾದರೂ ಕೊಡುತ್ತಾರೆ, ತಂದು ಕಪಾಟಿನಲ್ಲಿ ಇಡುತ್ತಾರೆ. ನೀವು ತಂದ ಸಂಜೆಯೇ ಒಡೆಯುವವರು, ಪತ್ರ ಓದಿದರೇ ಗೊತ್ತಾಗುತ್ತದೆ. ಡಬ್ಬಿ ಹರಿದಿರುವ, ಕೆಲಸ ಮಾಡುವ ಆಟಿಕೆಯನ್ನು ಚೌಕಾಸಿ ಮಾಡಿ ತನ್ನಿ.