90 ದಿನದ ಡಯೆಟ್ ಪ್ಲಾನ್ ಹಿಡಿಯಬಹುದೇ?

ಪ್ರಶ್ನೆ: ನನಗೆ 42 ವರ್ಷ, ಎತ್ತರ 156 ಸೆಂ.ಮೀ., ತೂಕ 78 ಕಿಲೊ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತೀನಿ. ಪರಿಚಯದವರು 90 ದಿನದ ಪ್ಲಾನ್ ಕೊಟ್ಟಿದ್ದಾರೆ: ಬೆಳಿಗ್ಗೆ, ರಾತ್ರಿ ಪೌಡರ್ ಶೇಕ್, ಮಧ್ಯಾಹ್ನ ಸಲಾಡ್ ಮತ್ತು ಒಂದು ಚಪಾತಿ. ದಿನಕ್ಕೆ 850 ಕ್ಯಾಲೊರಿ, ರೊಟ್ಟಿ ಪೂರ್ತಿ ಬಂದ್. ಶುರು ಮಾಡಲೇ?
– ಓದುಗರು, ಕಲಬುರಗಿ

ಉತ್ತರ: ವೈದ್ಯರನ್ನು ಕಾಣದೆ ಬೇಡ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಊಟ ಅರ್ಧಕ್ಕಿಳಿದು ಮಾತ್ರೆ ಹಾಗೇ ಉಳಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು: ಕೈನಡುಕ, ತಣ್ಣನೆ ಬೆವರು, ಕಣ್ಣು ಮಂಜು. ಹಾಗಾದರೆ ಕೂಡಲೇ 3 ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಡೋಸ್ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರು ಡಯೆಟ್‌ಗೆ ಮೊದಲೇ ಹೇಳಬೇಕು.

ಇಂಥ ಡಯೆಟ್ ಸುಳ್ಳೇನಲ್ಲ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ (2017) ಸುಮಾರು 850 ಕ್ಯಾಲೊರಿಯ ಶೇಕ್‌ಗಳಿಂದ ಶುರು ಮಾಡಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ಸಕ್ಕರೆ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆಯೇ ಹತೋಟಿಯಲ್ಲಿತ್ತು. ಆದರೆ ಅಲ್ಲಿ ಮೊದಲ ದಿನವೇ ಸಕ್ಕರೆ ಮಾತ್ರೆ ನಿಲ್ಲಿಸಿದ್ದರು, ಶೇಕ್ ಮುಗಿದ ಮೇಲೆ ವಾರಗಟ್ಟಲೆ ನಿಧಾನವಾಗಿ ಊಟ ಮರಳಿಸಿದ್ದರು. ನಿಮ್ಮ ಪ್ಲಾನ್‌ನಲ್ಲಿ 91ನೇ ದಿನ ಏನು ಉಣ್ಣಬೇಕೆಂದು ಬರೆದಿದೆಯೇ? ಇಳಿದ ತೂಕ ಮರಳಿ ಏರುವುದು ಅಲ್ಲಿಂದಲೇ.

ಮೊದಲ ವಾರ 2–3 ಕಿಲೊ ಇಳಿದರೆ ಅದರಲ್ಲಿ ಬಹುಪಾಲು ನೀರು. ವಾರಕ್ಕೆ ಒಂದೂವರೆ ಕಿಲೊ ಮೀರಿ ಇಳಿಯುತ್ತಲೇ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಊಟ, ಉಪ್ಪು ಎರಡೂ ಕಡಿಮೆಯಾದರೆ ತಲೆ ತಿರುಗುವುದು ಬೇರೆ.

ಪ್ಲಾನ್‌ನ ಒಳ್ಳೆಯ ಗುಣ ಅಳತೆ ಮತ್ತು ಹೊತ್ತು. ಅವೆರಡನ್ನು ಉಳಿಸಿಕೊಂಡು ಮನೆಯ ಊಟಕ್ಕೆ ಹೊಂದಿಸಿ, 1,300–1,400 ಕ್ಯಾಲೊರಿಗೆ. ಬೆಳಿಗ್ಗೆ ಮಂಡಕ್ಕಿ ಸುಸಲಾ ಬದಲು ಎರಡು ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಮೊಳಕೆಕಾಳು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, 40 ಗ್ರಾಂ ತೊಗರಿಬೇಳೆಯ ಗಟ್ಟಿ ಬ್ಯಾಳಿ, ಪುಂಡಿಪಲ್ಯ ಬೇಕಾದಷ್ಟು, ಮೊಸರು. ರಾತ್ರಿ ಒಂದು ರೊಟ್ಟಿ, 30 ಗ್ರಾಂ ಕಾಳಿನ ಪಲ್ಯ, ತರಕಾರಿ. ಪ್ರೋಟೀನ್ 50 ಗ್ರಾಂ ಆಸುಪಾಸು ಸಿಗುತ್ತದೆ. ವಾರಕ್ಕೆ ಅರ್ಧ ಕಿಲೊ ಇಳಿದರೆ ಸಾಕು.

ಲೆಕ್ಕ ತಪ್ಪುವುದು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ., 125 ಕ್ಯಾಲೊರಿ. ಬಾಟಲಿಯ ಮೇಲೆ ತೆರೆದ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ 15 ದಿನ ಬರಬೇಕು. ಶೇಂಗಾ ಹಿಂಡಿ (ಚಟ್ನಿಪುಡಿ) ಊಟಕ್ಕೊಂದು ಚಮಚ, ಮೇಲೆ ಎಣ್ಣೆ ಬೇಡ.

ಪ್ರಶ್ನೆ: ಕಡಕ್ ರೊಟ್ಟಿ ಹಗುರ, ತೂಕ ಇಳಿಯುತ್ತದೆ ಅಂತಾರೆ. ನಿಜವೇ?
– ಓದುಗರು, ಯಾದಗಿರಿ

ಉತ್ತರ: ಇಲ್ಲ. ಒಣಗಿದಾಗ ನೀರು ಹೋಗುತ್ತದೆ, ಹಿಟ್ಟು ಅಷ್ಟೇ ಇರುತ್ತದೆ. 50 ಗ್ರಾಂ ಜೋಳದ ಹಿಟ್ಟು ಬಿಸಿ ರೊಟ್ಟಿಯಾದರೂ ಕಡಕ್ ಆದರೂ ಸುಮಾರು 170 ಕ್ಯಾಲೊರಿ. ಬ್ಯಾಳಿಯಲ್ಲಿ ಮುರಿದು ಹಾಕಿಕೊಂಡಾಗ ಎಷ್ಟು ತಿಂದೆವೆಂದು ತಿಳಿಯುವುದಿಲ್ಲ. ರೊಟ್ಟಿ ಎಣಿಸಬೇಡಿ, ಬಡಿಯುವ ಮೊದಲು ಹಿಟ್ಟು ತೂಗಿ.