ಡೊಮೇನ್ ಬರೆಯುವಾಗ ಚೌಕ ಆವರಣ ಎಲ್ಲಿ, ದುಂಡು ಆವರಣ ಎಲ್ಲಿ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಎಫ್(ಎಕ್ಸ್) = √(ಎಕ್ಸ್ + 3) / (ಎಕ್ಸ್ − 2) ಎಂಬ ಫಂಕ್ಷನ್ನಿನ ಡೊಮೇನನ್ನು [−3, ∞] ಎಂದು ಬರೆದದ್ದಕ್ಕೆ ಅಂಕ ಕಳೆದಿದ್ದಾರೆ. ಯಾವ ಆವರಣವನ್ನು ಎಲ್ಲಿ ಬಳಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ನೀವು ಬರೆದ ಎಡತುದಿ ಸರಿಯಾಗಿದೆ, ತಪ್ಪಿರುವುದು ನಡುವಿನಲ್ಲಿ ಮತ್ತು ಬಲತುದಿಯಲ್ಲಿ. ಎಕ್ಸ್‌ನ ಯಾವ ಯಾವ ವಾಸ್ತವ ಬೆಲೆಗಳಿಗೆ ಫಂಕ್ಷನ್ನಿನಿಂದ ವಾಸ್ತವ ಬೆಲೆ ದೊರೆಯುತ್ತದೆಯೋ ಆ ಎಲ್ಲ ಬೆಲೆಗಳ ಗಣವೇ ಡೊಮೇನ್. ಆದ್ದರಿಂದ ಆವರಣ ಹಾಕುವ ಮುನ್ನ ಪ್ರತಿಯೊಂದು ತುದಿಬಿಂದುವನ್ನೂ ಫಂಕ್ಷನ್ನಿನಲ್ಲಿ ಆದೇಶಿಸಿ ನೋಡಬೇಕು. ಬೆಲೆ ಬಂದರೆ ಚೌಕ ಆವರಣ, ಬಾರದಿದ್ದರೆ ದುಂಡು ಆವರಣ.

ವರ್ಗಮೂಲದೊಳಗಿನ ಎಕ್ಸ್ + 3 ಋಣವಾಗಬಾರದು, ಅಂದರೆ ಎಕ್ಸ್ ≥ −3 ಇರಬೇಕು. ಎಕ್ಸ್ = −3 ಎಂದು ಆದೇಶಿಸಿದಾಗ ಅಂಶ 0, ಛೇದ −5, ಫಂಕ್ಷನ್ನಿನ ಬೆಲೆ 0. ಸೊನ್ನೆಗೂ ವರ್ಗಮೂಲ ಇರುವುದರಿಂದ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಎಕ್ಸ್ = 2 ಆದಾಗ ಅಂಶವು √5 ಆಗಿ ಸರಿಯಾಗಿಯೇ ಇರುತ್ತದೆ, ಆದರೆ ಛೇದ ಸೊನ್ನೆಯಾಗುತ್ತದೆ; ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಾದ್ದರಿಂದ ಆ ಒಂದು ಬಿಂದುವನ್ನು ಸಂಖ್ಯಾರೇಖೆಯಿಂದ ಕೈಬಿಡಲೇಬೇಕು. ಇನ್ನು ∞ ಎಂಬುದು ವಾಸ್ತವ ಸಂಖ್ಯೆಯಲ್ಲ, ಮೇಲುಗಡೆ ಮಿತಿಯಿಲ್ಲ ಎಂಬುದರ ಗುರುತು ಮಾತ್ರ. ಅದು ಈ ಗಣದ ಸದಸ್ಯನಾಗಲಾರದ ಕಾರಣ ಅದರ ಪಕ್ಕದಲ್ಲಿ ಯಾವಾಗಲೂ ದುಂಡು ಆವರಣವೇ ಬರುತ್ತದೆ. ಹೀಗಾಗಿ ಸರಿಯುತ್ತರ [−3, 2) ∪ (2, ∞).

ಇದೇ ವರ್ಗಮೂಲ ಛೇದಕ್ಕೆ ಇಳಿದು 1/√(ಎಕ್ಸ್ + 3) ಆಯಿತೆನ್ನಿ. ಆಗ −3ರಲ್ಲಿ ಛೇದವೇ ಸೊನ್ನೆಯಾಗುವುದರಿಂದ ಡೊಮೇನ್ (−3, ∞) ಆಗುತ್ತದೆ. ವರ್ಗಮೂಲ ಕಂಡಲ್ಲೆಲ್ಲ ಚೌಕ ಆವರಣ ಹಾಕಬೇಕೆಂದು ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲಿಯೇ. ಅಂಥ ಅಡ್ಡದಾರಿಯನ್ನು ದಯವಿಟ್ಟು ನಂಬಬೇಡಿ. ಕೆಲವು ಪುಸ್ತಕಗಳಲ್ಲಿ (2, 5) ಎಂಬ ಇಂಟರ್ವಲ್ಲನ್ನು ]2, 5[ ಎಂದು ಮುದ್ರಿಸಿರುತ್ತಾರೆ. ಎರಡರ ಅರ್ಥವೂ ಒಂದೇ.

ಪರೀಕ್ಷೆಯಲ್ಲಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು (ಎಕ್ಸ್² − 4)/(ಎಕ್ಸ್ − 2) ರೀತಿಯ ಲೆಕ್ಕ. ಅಪವರ್ತಿಸಿ ಹೊಡೆದುಹಾಕಿದರೆ ಎಕ್ಸ್ + 2 ಉಳಿಯುತ್ತದೆ, ಅದಕ್ಕೆ ಎಲ್ಲ ವಾಸ್ತವ ಸಂಖ್ಯೆಗಳೂ ಸಲ್ಲುವಂತೆ ಕಾಣುತ್ತದೆ. ಆದರೆ ಕೊಟ್ಟ ಫಂಕ್ಷನ್ನಿನಲ್ಲಿ ಎಕ್ಸ್ = 2 ಎಂದಿಟ್ಟರೆ 0/0 ಬರುತ್ತದೆ, ಆದ್ದರಿಂದ ಅದರ ಡೊಮೇನ್ (−∞, 2) ∪ (2, ∞). ಸಂಕ್ಷೇಪಿಸುವುದಕ್ಕೆ ಮೊದಲೇ ಡೊಮೇನನ್ನು ಬರೆದಿಟ್ಟುಕೊಳ್ಳಿ.