ಪ್ರತಿಕ್ರಿಯೆ: ಕಾಯ್ದೆ ಬದಲಾಗಿದೆ, ಲೈಸೆನ್ಸ್ ನವೀಕರಣದ ಫಾರ್ಮ್ ಮಾತ್ರ ಹಳೆಯದೇ ಇದೆ
ಕಾಯ್ದೆಗೆ ತಿದ್ದುಪಡಿಯಾಗಿ ನವೀಕರಣಕ್ಕೆ ಬೇಕಾದ ತರಬೇತಿ ಗಂಟೆಗಳು ಬದಲಾದರೂ ಫಾರ್ಮ್ ಯಾಕೆ ಹಳೆಯದನ್ನೇ ಕೇಳುತ್ತಿದೆ ಅಂತ ಕೇಳಿದ್ದೀರಿ. ಬಹುಶಃ ಗೊಂದಲ ದಿನಾಂಕದ್ದು. ತಿದ್ದುಪಡಿ ಪಾಸಾದ ದಿನವೇ ಜಾರಿಗೆ ಬರಬೇಕು ಅಂತೇನಿಲ್ಲ. ಹಾಗಾಗಿ ನಿಮ್ಮ ಫಿಸಿಯೋಥೆರಪಿ ಲೈಸೆನ್ಸ್ ನವೀಕರಣದ ಫಾರ್ಮ್ ಇನ್ನೂ ಹಳೇ ತರಬೇತಿ ಗಂಟೆಗಳನ್ನೇ ಕೇಳುತ್ತಿರಬಹುದು.

ಮೊದಲು ತಿದ್ದುಪಡಿಯ ಮೂಲ ಪಠ್ಯದಲ್ಲಿ ಜಾರಿ ದಿನಾಂಕ ಹುಡುಕಿ. ಸಾಮಾನ್ಯವಾಗಿ ಶುರುವಿನಲ್ಲೋ ಕೊನೆಯಲ್ಲೋ ಇರುತ್ತದೆ. ‘ಅಧಿಸೂಚನೆ ಹೊರಡಿಸಿದ ದಿನದಿಂದ’ ಅಂತಿದ್ದರೆ ಆ ಅಧಿಸೂಚನೆ ಬಂದಿದೆಯಾ ನೋಡಿ. ಆಮೇಲೆ, ಈಗಾಗಲೇ ಲೈಸೆನ್ಸ್ ಇರುವವರಿಗೆ ಬೇರೆ ಗಡುವು ಕೊಟ್ಟಿದ್ದಾರಾ ಓದಿ. ಈ ಭಾಗವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ದಯವಿಟ್ಟು ನೀವು ಬಿಡಬೇಡಿ. ಗಂಟೆಗಳ ಲೆಕ್ಕ ಕಾಯ್ದೆಯಲ್ಲಿ ಸಿಗದಿದ್ದರೆ ಅದರಡಿಯ ನಿಯಮಗಳಲ್ಲಿ ಹುಡುಕಿ.

ನಿಮಗೆ ಹಳೇ ಗಂಟೆಗಳೋ ಹೊಸ ಗಂಟೆಗಳೋ ಅಂತ ತೀರ್ಮಾನಿಸಲು ಅರ್ಜಿ ಹಾಕಿದ ದಿನ ಲೆಕ್ಕಕ್ಕೋ, ಲೈಸೆನ್ಸ್ ಅವಧಿ ಮುಗಿಯುವ ದಿನವೋ? ಇದು ಒಂದೊಂದು ಕಡೆ ಒಂದೊಂದು ಥರ. ಲೈಸೆನ್ಸ್ ಕೊಡುವ ಮಂಡಳಿಗೆ ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ಅದು ತಡವಾದರೂ ಅವಧಿ ಮುಗಿಯುವ ಮುಂಚೆ ಅರ್ಜಿ ಹಾಕಿಬಿಡಿ.